ಹೊಸ ಹವಳದ ಫ್ರ್ಯಾಗ್‌ಗಳನ್ನು (ಕತ್ತರಿಸಿದ ತುಂಡುಗಳನ್ನು) ಜೋರು ಬೆಳಕಿಗೆ ಒಗ್ಗಿಸುವುದು: ಆ್ಯಪ್ ತೋರಿಸುವ ಪರ್ಸೆಂಟ್ ನಂಬಬಹುದಾ?

ಮರಳುದಂಡೆ, ಸ್ಯಾನ್ ಹೋಸೆ

ಎಲ್ಲರಿಗೂ ನಮಸ್ಕಾರ. ನನ್ನ ಉಪ್ಪುನೀರಿನ ಹವಳದ ಟ್ಯಾಂಕ್ 90 × 45 × 45 ಸೆಂ.ಮೀ., ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ ಹತ್ತಿರಹತ್ತಿರ 200 ಲೀಟರ್. ಶುರು ಮಾಡಿ ಏಳು ತಿಂಗಳು. ಎರಡು ಎಲ್‌ಇಡಿ, ನೀರಿನಿಂದ 22 ಸೆಂ.ಮೀ. ಮೇಲೆ ತೂಗುಹಾಕಿದ್ದು. ಆ್ಯಪ್‌ನಲ್ಲಿ ಗರಿಷ್ಠ 65 ಪರ್ಸೆಂಟ್. ಬೆಳಿಗ್ಗೆ ಒಂದೂವರೆ ಗಂಟೆ ಏರಿಕೆ, ಎಂಟು ಗಂಟೆ ಪೂರ್ತಿ ಬೆಳಕು, ಸಂಜೆ ಒಂದೂವರೆ ಗಂಟೆ ಇಳಿಕೆ. ಬಂಡೆಯ ತುದಿಯಲ್ಲಿರುವ ಬರ್ಡ್ಸ್‌ನೆಸ್ಟ್ ಹವಳ ಚೆನ್ನಾಗಿ ಕವಲೊಡೀತಿದೆ.

ಮುಂದಿನ ಶನಿವಾರ ಆರು ಫ್ರ್ಯಾಗ್ ಬರ್ತಿವೆ: ಎರಡು ಆಕ್ರೊಪೋರಾ, ಒಂದು ಮಾಂಟಿಪೋರಾ ಕ್ಯಾಪ್ರಿಕಾರ್ನಿಸ್, ಒಂದೇ ತಲೆಯ ಟಾರ್ಚ್ ಹವಳ, ಸ್ವಲ್ಪ ಜೋವಾ, ಒಂದು ಏಕನ್. ಲೈಟಿನ ಆ್ಯಪ್‌ನಲ್ಲಿ ಅಕ್ಲಿಮೇಶನ್ (ಒಗ್ಗಿಸುವ) ಮೋಡ್ ಇದೆ. ಈಗಿನದರ 50 ಪರ್ಸೆಂಟ್‌ನಿಂದ ಶುರು ಮಾಡಿ 30 ದಿನಕ್ಕೆ ಮೊದಲಿನ ಮಟ್ಟಕ್ಕೆ ತಂದರೆ ಆರಕ್ಕೂ ಸಾಕಾಗುತ್ತಾ? ಫ್ರ್ಯಾಗ್‌ಗಳನ್ನು ಎಲ್ಲಿಡಬೇಕು?

ಪಾರ್‌ಪುರಾಣ, ಆಸ್ಟಿನ್

65 ಪರ್ಸೆಂಟ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಅದು ಲೈಟಿನೊಳಗಿನ ಲೆಕ್ಕ. ಹವಳದ ಮೈಮೇಲೆ ಎಷ್ಟು ಬೀಳ್ತಿದೆ ಅನ್ನೋದು ಬೇರೆ ಲೆಕ್ಕ. ಅದಕ್ಕೆ ಪಾರ್ ಬೇಕು. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳ್ತವೆ ಅನ್ನೋ ಎಣಿಕೆ ಅದು. ಅದೇ 65 ಪರ್ಸೆಂಟ್ ಒಂದು ಟ್ಯಾಂಕಿನಲ್ಲಿ 120 ಇರಬಹುದು, ಇನ್ನೊಂದರಲ್ಲಿ 400.

ಕಣ್ಣಂದಾಜು ಇಲ್ಲಿ ನಡೆಯೋದೇ ಇಲ್ಲ. ನಮ್ಮ ಕಣ್ಣು ಹಸಿರಿಗೆ ಚುರುಕು, ಕಡು ನೀಲಿಗೆ ಮಂದ. ನೀಲಿ ಎಲ್‌ಇಡಿ ಕೆಳಗಿನ ಟ್ಯಾಂಕ್ ಮುಸ್ಸಂಜೆ ಥರ ಕಾಣ್ತಿರುತ್ತೆ, ಅಷ್ಟರಲ್ಲಿ ಹವಳ ಸುಟ್ಟುಕೊಂಡಿರುತ್ತೆ. ಕಣ್ಣಿಗೆ ಕಾಣುವ ಹೊಳಪು ಅಳೆಯುವ ಫೋನಿನ ಲಕ್ಸ್ ಆ್ಯಪ್‌ಗೂ ಇದೇ ರೋಗ. ಬಿಸಿಲಾದರೆ ಲಕ್ಸನ್ನು 54ರಿಂದ ಭಾಗಿಸಿದರೆ ಪಾರ್ ಸುಮಾರಾಗಿ ಸಿಗುತ್ತೆ, ಬಿಳಿ ಟ್ಯೂಬ್‌ಲೈಟಿಗೆ 74. ನೀಲಿ ಎಲ್‌ಇಡಿಗೆ ಈ ಎರಡೂ ಸಂಖ್ಯೆ ಹಾಕಿದರೆ ನಿಜಕ್ಕಿಂತ ತೀರಾ ಕಡಿಮೆ ಬರುತ್ತೆ.

ನಿಮ್ಮ ಊರಿನ ರೀಫ್ ಕ್ಲಬ್‌ನಲ್ಲಿ ಪಾರ್ ಮೀಟರ್ ಬಾಡಿಗೆಗೆ ಸಿಕ್ಕೇ ಸಿಗುತ್ತೆ. ಎಪೋಜೀ ಎಂಕ್ಯೂ-510 ಸಿಕ್ಕರೆ ಒಳ್ಳೆಯದು. ಅದು 389ರಿಂದ 692 ನ್ಯಾನೋಮೀಟರ್ ತನಕ ಓದುತ್ತೆ, ನೀರೊಳಗಿನ ತಿದ್ದುಪಡಿಯನ್ನೂ ತಾನೇ ಹಾಕಿಕೊಳ್ಳುತ್ತೆ. ಹಳೇ ಎಂಕ್ಯೂ-200 ಕೊಟ್ಟರೆ ಬಂದ ಸಂಖ್ಯೆಯನ್ನು 1.08ರಿಂದ ಗುಣಿಸಿ. ಅದು 410ಕ್ಕಿಂತ ಕೆಳಗಿನ ನೇರಳೆಯನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಹಿಡಿಯಲ್ಲ ಅನ್ನೋದು ನೆನಪಿರಲಿ.

ಅಳೆಯುವಾಗ ಲೈಟ್ ಪೂರ್ತಿ ಬೆಳಕಿನ ಹೊತ್ತಿನಲ್ಲಿರಲಿ, ಪಂಪ್‌ಗಳು ಓಡ್ತಿರಲಿ. ಸೆನ್ಸರ್ ಸಮತಟ್ಟಾಗಿ ಆಕಾಶ ನೋಡಬೇಕು. ವಾಲಿದರೆ ಸಂಖ್ಯೆ ಸುಳ್ಳು. ಅಲೆಗೆ ಸಂಖ್ಯೆ ಕುಣಿಯುತ್ತೆ, ಹತ್ತು ಸೆಕೆಂಡ್ ನೋಡಿ ನಡುವಿನದನ್ನು ಬರೆದುಕೊಳ್ಳಿ. ಮರಳು, ಬಂಡೆಯ ಅರ್ಧ, ಬಂಡೆಯ ತುದಿ, ಮೂರು ಎತ್ತರದಲ್ಲೂ ಎಡ, ನಡು, ಬಲ.

ಫ್ರ್ಯಾಗ್ ಮಾರುವವರಿಗೂ ಎರಡು ಪ್ರಶ್ನೆ ಕೇಳಿ: ಅವು ಇರೋ ಜಾಗದಲ್ಲಿ ಪಾರ್ ಎಷ್ಟು, ದಿನಕ್ಕೆ ಎಷ್ಟು ಗಂಟೆ? ಉತ್ತರ ಬಂದಮೇಲೆ ಮಾತಾಡೋಣ.

ಮರಳುದಂಡೆ

ಮೀಟರ್ ಸಿಕ್ತು, 510. ಮರಳಿನ ಮೂಲೆಗಳಲ್ಲಿ 55, ಮರಳಿನ ನಡುವೆ 90. ಬಂಡೆಯ ಅರ್ಧಕ್ಕೆ 150–180. ತುದಿಯಲ್ಲಿ 290–340. ಎಡಗಡೆ ಲೈಟಿನ ನೇರ ಕೆಳಗೆ ಅಂಗೈಯಗಲ ಜಾಗದಲ್ಲಿ 410! ಆಕ್ರೊ ಎರಡನ್ನೂ ಅಲ್ಲೇ ಕೂರಿಸೋ ಯೋಚನೆಯಿತ್ತು.

ಮಾರುವವರು ಹೇಳಿದ್ದು: ಆಕ್ರೊ 200, ಮಾಂಟಿ 150, ಟಾರ್ಚ್ 100, ಜೋವಾ 120, ಏಕನ್ 60. ದಿನಕ್ಕೆ ಹತ್ತು ಗಂಟೆ.

ನೀರು: 25.5 ಡಿಗ್ರಿ, ಉಪ್ಪು 35 ಪಿಪಿಟಿ, ಆಲ್ಕಲಿನಿಟಿ (ನೀರಿನಲ್ಲಿ ಕರಗಿದ ಕಾರ್ಬೊನೇಟ್‌ಗಳ ಅಳತೆ) 9.6 ಡಿಕೆಎಚ್, ಕ್ಯಾಲ್ಸಿಯಂ 430, ನೈಟ್ರೇಟ್ 2 ಪಿಪಿಎಂ, ಫಾಸ್ಫೇಟ್ 0.01.

ಪಾರ್‌ಪುರಾಣ

ಈಗ ಲೆಕ್ಕ ಮಾಡಬಹುದು. ಪಾರ್ ಒಂದನ್ನೇ ನೋಡಬೇಡಿ, ಇಡೀ ದಿನಕ್ಕೆ ಎಷ್ಟು ಬೆಳಕು ಸಿಕ್ತು ಅನ್ನೋದನ್ನು ನೋಡಿ. ಪಾರ್ × ಗಂಟೆ × 3600, ಅದನ್ನು ಹತ್ತು ಲಕ್ಷದಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಮೋಲ್ ಅಂತ ಬರುತ್ತೆ. ಆಕ್ರೊಗೆ ಅವರ ಮನೆಯಲ್ಲಿ 200 × 10 ಗಂಟೆ, ಅಂದರೆ 7.2 ಮೋಲ್.

ನಿಮ್ಮಲ್ಲಿ ಏರಿಕೆ ಇಳಿಕೆ ಎರಡನ್ನೂ ಅರ್ಧರ್ಧ ಹಿಡಿಯಿರಿ. ಎಂಟರ ಜೊತೆಗೆ ಒಂದೂವರೆ, ಒಟ್ಟು ಒಂಬತ್ತೂವರೆ ಗಂಟೆ. ಆ 410ರ ಜಾಗದಲ್ಲಿ ದಿನಕ್ಕೆ 14 ಮೋಲ್. ಒಂದೇ ಏಟಿಗೆ ಹತ್ತಿರಹತ್ತಿರ ಎರಡರಷ್ಟು. ಅದೂ ಒಂದು ದಿನ ಕತ್ತಲೆ ಚೀಲದಲ್ಲಿ ಪಯಣ ಮಾಡಿ, ಕೀಟ ಕಳೆಯುವ ಡಿಪ್‌ನಲ್ಲಿ ಮಿಂದು, ಹೊಸ ನೀರಿಗೆ ಬಿದ್ದ ಹವಳಕ್ಕೆ. ಆಕ್ರೊಗೆ ಆ ಜಾಗ ಕೊನೆಗೂ ಬೇಡ, 275 ಧಾರಾಳ ಸಾಕು.

ಆಕ್ರೊ: ಅವರ ಮನೆಯ ಬೆಳಕಿನ ಹೆಚ್ಚುಕಡಿಮೆ ಅರ್ಧದಿಂದ ಶುರು. 110, ಆಮೇಲೆ 140, 175, 220, 275. ಪ್ರತಿ ಮೆಟ್ಟಿಲಿಗೆ ಆರು ದಿನ. ಪ್ರತಿ ಸಲ ಏರುವುದು ಇರುವುದರ ಕಾಲುಭಾಗ. ಎಲ್ಲರೂ ಎಡವುವುದು ಇಲ್ಲೇ: "ವಾರಕ್ಕೆ 10 ಪರ್ಸೆಂಟ್ ಏರಿಸಿ" ಅಂತಾರೆ. ಆ್ಯಪ್‌ನಲ್ಲಿ 60ರಿಂದ 70ಕ್ಕೆ ಹೋದರೆ ಆರನೇ ಒಂದು ಭಾಗ ಹೆಚ್ಚು. 20ರಿಂದ 30ಕ್ಕೆ ಹೋದರೆ ಅರ್ಧಕ್ಕರ್ಧ ಹೆಚ್ಚು. ಆ್ಯಪ್‌ನಲ್ಲಿ ಎರಡೂ ಹತ್ತೇ, ಹವಳಕ್ಕಲ್ಲ.

ಮಾಂಟಿ: 90, 115, 145, 180. ಅಲ್ಲಿಗೆ ನಿಲ್ಲಿಸಿ.

ಟಾರ್ಚ್: ಮರಳಿನ ಮೇಲೆ 65–70 ಇರುವ ಜಾಗ ಹುಡುಕಿ ಹತ್ತು ದಿನ ಬಿಡಿ, ಆಮೇಲೆ ನಡುವಿನ 90ಕ್ಕೆ. ಅದಕ್ಕಿಂತ ಮೇಲೆ ಒಯ್ಯುವ ಅಗತ್ಯ ಕಾಣಲ್ಲ.

ಜೋವಾ 75ರಿಂದ ಶುರು, ಎರಡು ವಾರದಲ್ಲಿ 120. ಏಕನ್‌ಗೆ ಮೂಲೆಯ 55 ಹೇಳಿ ಮಾಡಿಸಿದ ಜಾಗ. ಅಲ್ಲಿಟ್ಟು ಕೈ ತೊಳೆದುಕೊಳ್ಳಿ.

ಪ್ರತಿ ಸಲ ಹವಳವನ್ನು ಕೈಯಲ್ಲಿ ಹಿಡಿದೆತ್ತಬೇಡಿ. ಗಾಜಿಗೆ ಅಯಸ್ಕಾಂತದಿಂದ ಅಂಟುವ ರ್‍ಯಾಕ್ ತಗೊಂಡು ಆಕ್ರೊ, ಮಾಂಟಿಗಳನ್ನು ಅದರಲ್ಲಿ ಕೂರಿಸಿ, ರ್‍ಯಾಕನ್ನೇ ನಾಲ್ಕೈದು ಸೆಂ.ಮೀ. ಮೇಲೆ ಸರಿಸಿ. ಎಷ್ಟು ಎತ್ತರದಲ್ಲಿ ಎಷ್ಟು ಪಾರ್ ಅಂತ ಮೀಟರ್ ವಾಪಸ್ ಕೊಡುವ ಮುಂಚೆ ಗಾಜಿನ ಹೊರಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ.

ಹುಬ್ಬಳ್ಳಿಹವಳ, ದುಬೈ

ಬೆಳಕಿನ ಲೆಕ್ಕ ಬರೋಬ್ಬರಿ ಐತಿ. ಆದ್ರ ಮೊದ್ಲ ನಿಮ್ಮ ನೀರಿನ ಸಂಖ್ಯೆ ನೋಡ್ರಿ. ಫಾಸ್ಫೇಟ್ 0.01 ಅಂದ್ರ ಕಿಟ್‌ನ ತಪ್ಪಿನ ಅಂಚಿನೊಳಗ ಅದು ಸೊನ್ನೀನೂ ಇರಬಹುದು. ಅದರ ಮ್ಯಾಲ ಆಲ್ಕಲಿನಿಟಿ 9.6, ಅದರ ಮ್ಯಾಲ ಜೋರು ಬೆಳಕು. ಈ ಮೂರೂ ಕೂಡಿದ್ರ ಆಕ್ರೊದ ತುದಿ ಸುಡೋದು ಗ್ಯಾರಂಟಿ.

ಕಾರಣ ಹೇಳ್ತೀನಿ. ಬೆಳಕು ಮತ್ತ ಆಲ್ಕಲಿನಿಟಿ ಎರಡೂ ಅಸ್ಥಿಪಂಜರ ಬೆಳಿಯೋ ವೇಗ ಏರಸ್ತಾವ. ಮಾಂಸ ಬೆಳಿಯಾಕ ಫಾಸ್ಫೇಟ್ ಬೇಕು, ನೈಟ್ರೇಟ್ ಬೇಕು. ಎಲುಬು ಓಡತೈತಿ, ಮಾಂಸ ಹಿಂದ ಬೀಳತೈತಿ, ತುದಿಯೊಳಗ ಬಿಳೀ ಎಲುಬು ಹೊರಗ ಕಾಣತೈತಿ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡನ್‌ಮನ್ ತಂಡ 2013ರಾಗ ತೋರಿಸಿದ್ದೂ ಇಂಥದ್ದ: ನೈಟ್ರೇಟ್ ಇದ್ದು ಫಾಸ್ಫೇಟ್ ಸಿಗಲಿಲ್ಲಂದ್ರ ಹವಳದೊಳಗಿನ ಪಾಚಿ ಬೆಳಕು, ಶಾಖ ಎರಡಕ್ಕೂ ಲಗೂನ ಸೋಲತೈತಿ. ಫಾಸ್ಫೇಟ್ ಸೊನ್ನಿ ಮಾಡೂದು ಸ್ವಚ್ಛತಾ ಅಲ್ಲ, ಉಪವಾಸ.

ಶನಿವಾರದೊಳಗ ಇಷ್ಟು ಮಾಡ್ರಿ. ಫಾಸ್ಫೇಟ್ ಹೀರೋ ಜಿಎಫ್‌ಒ ಓಡಿಸ್ತಿದ್ರ ತಗದು ಇಡ್ರಿ. ಮೀನಿಗೆ ಹಾಕೋ ಊಟ ಒಂದೂವರೆಪಟ್ಟು ಮಾಡ್ರಿ. ಫಾಸ್ಫೇಟ್ 0.04ರಿಂದ 0.08, ನೈಟ್ರೇಟ್ 5ರಿಂದ 10ರ ನಡುವ ಬರ್ಲಿ. ಆಲ್ಕಲಿನಿಟಿ 8.3ರ ಸುತ್ತ ಇಳೀಲಿ, ಆದ್ರ ದಿನಕ್ಕ 0.5ಕ್ಕಿಂತ ಹೆಚ್ಚು ಬದಲಾಗಬಾರದು. ಒಂದೂ ಆಗಲಿಲ್ಲಂದ್ರ ಬೆಳಕಿನ ಮೆಟ್ಟಿಲು ಆರು ದಿನದ ಬದಲು ಹತ್ತು ದಿನ ಮಾಡ್ರಿ.

ಕಡಲಕರೆ, ಮ್ಯೂನಿಕ್

ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ? ಆ್ಯಪ್‌ನಲ್ಲಿ ಮೋಡ್ ಇರುವುದೇ ಇದಕ್ಕಲ್ವಾ. ಈಗಿನದರ 60 ಪರ್ಸೆಂಟ್‌ಗೆ ಇಳಿಸಿ ನಾಲ್ಕು ವಾರ ಬಿಟ್ಟರೆ ಅದೇ ದಿನಾ ಚೂರುಚೂರು ಏರಿಸಿಕೊಂಡು ಹೋಗ್ತದೆ. ರ್‍ಯಾಕ್ ಸರಿಸುವಾಗ ಫ್ರ್ಯಾಗ್ ಬಿದ್ದು ಮುರಿದರೆ ಯಾರು ಹೊಣೆ?

ಪಾರ್‌ಪುರಾಣ

ಟ್ಯಾಂಕ್ ಖಾಲಿ ಇದ್ದರೆ, ಅಥವಾ ಲೈಟೇ ಹೊಸದಾಗಿದ್ದರೆ ನಿಮ್ಮ ಮಾತಿಗೆ ನನ್ನದೂ ಓಟು. ಆ ಮೋಡ್ ಮಾಡಿರೋದೇ ಆ ಸಂದರ್ಭಕ್ಕೆ. ಇಲ್ಲಿ ಹಾಗಲ್ಲ. ತುದಿಯಲ್ಲಿ 300ಕ್ಕೆ ಒಗ್ಗಿದ ಬರ್ಡ್ಸ್‌ನೆಸ್ಟ್ ಇದೆ. ಹೊಸಬರಿಗೋಸ್ಕರ ಅದನ್ನು 180ಕ್ಕೆ ಇಳಿಸಿದರೆ ಎರಡು ವಾರದಲ್ಲಿ ಅದರ ಪಾಚಿ ಕ್ಲೋರೊಫಿಲ್ ತುಂಬಿಕೊಂಡು ಕಂದುತ್ತೆ. ಆಮೇಲೆ ಅದನ್ನೂ ಮತ್ತೆ ಮೇಲಕ್ಕೆ ಒಗ್ಗಿಸಬೇಕು. ಅತಿಥಿಗೆ ಜಾಗ ಮಾಡೋಕೆ ಮನೆಯವರನ್ನು ಆಚೆ ಕಳಿಸಿದ ಹಾಗೆ.

ಇನ್ನೊಂದು ತೊಡಕೂ ಇದೆ. 60 ಪರ್ಸೆಂಟ್‌ಗೆ ಇಳಿಸಿದರೆ ಮೂಲೆಯ 55 ಬರೀ 33 ಆಗುತ್ತೆ. ಏಕನ್‌ಗೆ ಅದು ಕಡಿಮೆಯೇ. ಆ 410ರ ಜಾಗ ಮಾತ್ರ ಆಗಲೂ 246. ಮೋಡ್ ಒಂದೇ, ಆರು ಹವಳದ ಬೇಕುಬೇಡ ಆರು ಥರ.

ಕಡಲಕರೆ

ಬರ್ಡ್ಸ್‌ನೆಸ್ಟ್ ವಿಷಯ ಒಪ್ಪಿದೆ. ಹಾಗಾದರೆ ರ್‍ಯಾಕ್ ಸರಿಸುವುದಕ್ಕಿಂತ ಜಾಲರಿ ಲಾಯ್ಕ. ಕಿಟಕಿಗೆ ಸೊಳ್ಳೆ ಬಾರದ ಹಾಗೆ ಹಾಕುವ ಫೈಬರ್‌ಗ್ಲಾಸ್ ಜಾಲರಿ ಸಾಕು. ಲೋಹದ್ದು ಬೇಡವೇ ಬೇಡ, ಉಪ್ಪುನೀರಿಗೆ ತುಕ್ಕು ಬಿಡ್ತದೆ. ಹಿತ್ತಾಳೆ ಕಂಚಿನದ್ದಾದರೆ ತಾಮ್ರ ನೀರಿಗಿಳಿದು ಟ್ಯಾಂಕಿಗೆ ಟ್ಯಾಂಕೇ ಹೋಗ್ತದೆ.

ಸಾಮಾನ್ಯ ಜಾಲರಿ ಒಂದು ಪದರಕ್ಕೆ ಮೂರನೇ ಒಂದು ಭಾಗದ ಹತ್ತಿರ ಬೆಳಕು ತಡೀತದೆ. ಜಾಲರಿಯಿಂದ ಜಾಲರಿಗೆ ವ್ಯತ್ಯಾಸ ಉಂಟು, ಮೀಟರ್ ಕೈಯಲ್ಲಿ ಇರುವಾಗಲೇ ಒಂದು ಪದರ ಅಳೆದುಕೊಳ್ಳಿ. ಮೂರನೇ ಒಂದು ಅಂತಲೇ ಹಿಡಿದರೆ ಒಂದು ಪದರಕ್ಕೆ ಉಳಿಯುವುದು 67 ಪರ್ಸೆಂಟ್, ಎರಡಕ್ಕೆ 45, ಮೂರಕ್ಕೆ 30. ಹವಳವನ್ನು ಅದರ ಖಾಯಂ ಜಾಗದಲ್ಲೇ ಅಂಟಿಸಿ, ಮೇಲೆ ಎರಡು ಮೂರು ಪದರ ಹಾಕಿ, ವಾರಕ್ಕೊಂದು ಪದರ ತೆಗೆಯುವುದು.

ಎಲ್ಲಿ ಎಡವಟ್ಟು ಆಗ್ತದೆ ಅಂದರೆ, ಟ್ಯಾಂಕಿನ ಅಂಚಿನ ಮೇಲೆ ಅಂಗೈಯಗಲದ ತುಂಡು ಇಟ್ಟರೆ ಪ್ರಯೋಜನ ಇಲ್ಲ. ಎರಡು ಲೈಟ್ ಇರುವಲ್ಲಿ ಬೆಳಕು ಓರೆಯಾಗಿ ಬದಿಯಿಂದ ನುಗ್ತದೆ. ಎಗ್‌ಕ್ರೇಟ್ (ಚೌಕಳಿ ಪ್ಲಾಸ್ಟಿಕ್ ಹಲಗೆ) ತುಂಡಿಗೆ ನಾಲ್ಕು ಕಾಲು ಮಾಡಿ, ಅದರ ಮೇಲೆ ಜಾಲರಿ ಬಿಗಿದು, ಹವಳದಿಂದ ಏಳೆಂಟು ಸೆಂ.ಮೀ. ಮೇಲೆ ಪುಟ್ಟ ಚಪ್ಪರ ಹಾಕಿ. ನೀರೊಳಗಿನ ಜಾಲರಿಗೆ ನಾಲ್ಕೇ ದಿನದಲ್ಲಿ ಪಾಚಿ ಹಿಡೀತದೆ. ಹವಳ ನಮಗೆ ಗೊತ್ತಿಲ್ಲದೆ ಇನ್ನಷ್ಟು ಕತ್ತಲೆಗೆ ಹೋಗಿರ್ತದೆ. ಒಂದು ದಿನ ಚಪ್ಪರ ತೊಳೆದಿಟ್ಟರೆ ಅದೇ ದಿನ ಬೆಳಕು ಇಮ್ಮಡಿ. ಮೂರು ದಿನಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ತಿಕ್ಕಲೇಬೇಕು. ಚಪ್ಪರದ ಕೆಳಗೆ ನೀರಿನ ಓಟ ನಿಲ್ಲದ ಹಾಗೂ ನೋಡಿಕೊಳ್ಳಿ.

ನೀಲಿಗಂಟೆ, ಲಂಡನ್

ಓಟದ ಮಾತು ಬಂತಲ್ಲ, ಹವಳದೊಳಗೆ ಏನಾಗುತ್ತೆ ಅಂತ ಒಂದಿಷ್ಟು ಬರೆಯುತ್ತೇನೆ. ಇದು ಗೊತ್ತಿದ್ದರೆ ಮೇಲಿನ ಸಂಖ್ಯೆಗಳು ಬಾಯಿಪಾಠ ಅನ್ನಿಸುವುದಿಲ್ಲ.

ಹವಳದ ಕೋಶಗಳೊಳಗೆ ಜೂಕ್ಸಾಂಥೆಲ್ಲೆ ಎಂಬ ಕಂದು ಬಣ್ಣದ ಏಕಕೋಶ ಪಾಚಿ ವಾಸ. ಬೆಳಕು ಹಿಡಿದು ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ. ಬೆಳಕು ಕಡಿಮೆ ಇರುವಲ್ಲಿ ಆ ಪಾಚಿ ಕ್ಲೋರೊಫಿಲ್ಲನ್ನು ಹೆಚ್ಚಿಸಿಕೊಂಡು ಸಿಕ್ಕ ಪ್ರತಿ ಕಿರಣವನ್ನೂ ಬಾಚಿಕೊಳ್ಳುತ್ತದೆ. ಮಬ್ಬಿನಲ್ಲಿ ಬೆಳೆದ ಫ್ರ್ಯಾಗ್ ಕಂದಾಗಿ ಕಾಣುವುದು ಅದಕ್ಕೇ. "ಕಂದು ಆಕ್ರೊ, ಬಣ್ಣ ಬರಲಿ" ಎಂದು ಅದನ್ನು ನೇರ ಲೈಟಿನ ಕೆಳಗೆ ಇಟ್ಟರೆ, ಆರೂ ಫ್ರ್ಯಾಗ್‌ಗಳಲ್ಲಿ ಮೊದಲು ಸೋಲುವುದು ಅದೇ. ಬೊಗಸೆ ಅಗಲವಾಗಿ ಒಡ್ಡಿ ನಿಂತವನ ಮೇಲೆ ಕೊಡ ಸುರಿದ ಹಾಗೆ.

ಬಳಸಲಾಗದ ಬೆಳಕಿನ ಶಕ್ತಿ ದ್ಯುತಿಸಂಶ್ಲೇಷಣೆಯ ಯಂತ್ರಕ್ಕೇ ಏಟು ಕೊಡುತ್ತದೆ. ಡಿ1 ಎಂಬ ಪ್ರೋಟೀನ್ ದಿನವೂ ಹಾಳಾಗುತ್ತದೆ, ದಿನವೂ ರಿಪೇರಿಯಾಗುತ್ತದೆ. ರಿಪೇರಿಗಿಂತ ಹಾಳಾಗುವುದು ಹೆಚ್ಚಾದರೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷಗಳು ಕೋಶದೊಳಗೆ ಸೋರುತ್ತವೆ, ಹವಳ ಪಾಚಿಯನ್ನೇ ಹೊರಹಾಕುತ್ತದೆ. ಅದೇ ಬಿಳುಚಿಕೆ. ಟಾರ್ಚ್ ಬಾಯಿಂದ ಕಂದು ದಾರದಂಥದ್ದು ಉಗುಳುತ್ತಿದ್ದರೆ ನೀವು ನೋಡುತ್ತಿರುವುದು ಅದನ್ನೇ.

ಹವಳಕ್ಕೆ ರಕ್ಷಣೆ ಇಲ್ಲವೆಂದಲ್ಲ. ಪಾಚಿಯ ಒಂದು ವರ್ಣದ್ರವ್ಯ, ಡಯಾಡಿನೋಕ್ಸಾಂಥಿನ್, ಹೆಚ್ಚಿದ ಬೆಳಕಿಗೆ ನಿಮಿಷಗಳಲ್ಲೇ ರೂಪ ಬದಲಿಸಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಮೋಡ ಸರಿದಾಗಿನ ಬಿಸಿಲಿಗೆ ಅದು ಸಾಕು. ಆದರೆ ಕ್ಲೋರೊಫಿಲ್ ಕಡಿಮೆ ಮಾಡಿಕೊಳ್ಳುವುದು, ಪಾಚಿಯ ಸಂಖ್ಯೆ ಹೊಂದಿಸುವುದು, ಬಣ್ಣದ ಪ್ರೋಟೀನ್‌ಗಳನ್ನು ಕೊಡೆಯಂತೆ ಕಟ್ಟುವುದು, ಇವಕ್ಕೆಲ್ಲ ಎರಡರಿಂದ ನಾಲ್ಕು ವಾರ ಬೇಕು. ಪಾರ್‌ಪುರಾಣ ಹೇಳಿದ ಆರಾರು ದಿನದ ಐದು ಮೆಟ್ಟಿಲು, ಅಂದರೆ ಮೂವತ್ತು ದಿನ, ಬಂದಿದ್ದು ಅಲ್ಲಿಂದ.

ಇನ್ನು ಓಟ. ಬೆಳಕು ಹೆಚ್ಚಿದಷ್ಟೂ ಆಮ್ಲಜನಕ ಹವಳದ ಮೈಗಂಟಿದ ತೆಳು ನೀರಿನ ಪದರದಲ್ಲಿ ಕೂಡಿಕೊಳ್ಳುತ್ತದೆ. ನೀರು ಚೆನ್ನಾಗಿ ಓಡುತ್ತಿದ್ದರೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಅದೇ ಪಾರ್‌ನಲ್ಲಿ ನಿಂತ ನೀರಿನ ಆಕ್ರೊ ಬಿಳುಚಿ, ಓಡುವ ನೀರಿನದ್ದು ಉಳಿಯುವುದು ಇದರಿಂದ. ಶಾಖವೂ ಹಾಗೆಯೇ: 25ರಲ್ಲಿ ತಡೆಯುವ ಬೆಳಕನ್ನು 29ರಲ್ಲಿ ತಡೆಯುವುದಿಲ್ಲ. ಬೇಸಿಗೆಯಲ್ಲಿ ಬೆಳಕು ಏರಿಸುವ ಕೆಲಸಕ್ಕೆ ಕೈಹಾಕಬೇಡಿ.

ಟೀಫೈವ್ ತಿಮ್ಮಯ್ಯ, ಟೊರಾಂಟೊ

ಹೊಸ ಹವಳ ಬಂದಾಗ ಮಾತ್ರ ಈ ಎಚ್ಚರ ಅಂದುಕೊಳ್ಳೋರು ಜಾಸ್ತಿ. ಹಳೇ ಹವಳಕ್ಕೂ ಹೊಸ ಬೆಳಕು ಬರೋ ದಾರಿಗಳಿವೆ, ಲೈಟಿನ ಆ್ಯಪ್ ಮುಟ್ಟದೇ ಇದ್ದರೂ.

ಒಂದು, ಇದ್ದಿಲು. ತಿಂಗಳುಗಟ್ಟಲೆ ಕಾರ್ಬನ್ ಹಾಕದ ಟ್ಯಾಂಕಿನ ನೀರು ತೆಳು ಹಳದಿಗೆ ತಿರುಗಿರುತ್ತೆ. ಬಿಳಿ ಬಕೆಟ್‌ನಲ್ಲಿ ಹಿಡಿದು ನೋಡಿದರೆ ತಿಳಿ ಚಹಾದ ಹಾಗೆ ಕಾಣುತ್ತೆ. ಆ ಹಳದಿ ತಿನ್ನೋದೇ ನೀಲಿ, ನೇರಳೆ ಬೆಳಕನ್ನು. ಒಂದು ದಿನ ಇದ್ದಕ್ಕಿದ್ದಂತೆ 200 ಲೀಟರಿಗೆ ಒಂದು ಲೋಟ ಕಾರ್ಬನ್ ಸುರಿದರೆ ಎರಡೇ ದಿನದಲ್ಲಿ ನೀರು ಸ್ಫಟಿಕ, ಮೇಲಿನ ಹವಳಗಳೆಲ್ಲ ಬಿಳಿ. ಆಮೇಲೆ "ಕಾರ್ಬನ್ ವಿಷ ಬಿಡ್ತು" ಅಂತ ಅದರ ಮೇಲೆ ಗೂಬೆ ಕೂರಿಸ್ತಾರೆ. ಎರಡು ಚಮಚದಿಂದ ಶುರು ಮಾಡಿ, ನಾಲ್ಕೈದು ದಿನಕ್ಕೊಮ್ಮೆ ಹೆಚ್ಚಿಸಿ. ಆಮೇಲೆ ಯಾವತ್ತೂ ಪೂರ್ತಿ ನಿಲ್ಲಿಸಬೇಡಿ.

ಎರಡು, ಲೈಟಿನ ಗಾಜು. ಆರು ತಿಂಗಳ ಉಪ್ಪಿನ ಪುಡಿ ಒಂದೇ ದಿನ ಒರೆಸಿದರೆ ಪಾರ್ ಗಣನೀಯವಾಗಿ ಜಿಗಿಯುತ್ತೆ. ವಾರವಾರ ಒರೆಸೋರಿಗೆ ಈ ತೊಂದರೆ ಇಲ್ಲ. ಮರೆತಿದ್ದರೆ ಒರೆಸೋ ದಿನ ಆ್ಯಪ್‌ನಲ್ಲಿ ಒಂದು ಮೆಟ್ಟಿಲು ಇಳಿಸಿ.

ಮೂರು, ನಮ್ಮ ಟಿ5 ಬಲ್ಬು, ಅಂದರೆ ತೆಳು ಟ್ಯೂಬ್‌ಲೈಟು. ವರ್ಷ ತುಂಬಿದ ಆರು ಬಲ್ಬನ್ನು ಒಂದೇ ಸಂಜೆ ಬದಲಿಸಬೇಡಿ. ವಾರಕ್ಕೊಂದು.

ಕೋರಮಂಗಲದ ಮೀನು, ಬೆಂಗಳೂರು

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಇಲ್ಲಿ ಆಕ್ರೊ, ಟಾರ್ಚ್ ಎಲ್ಲಾ ತಂದು ಹೀಗೇ ಮಾಡಬಹುದಾ?

ನೀಲಿಗಂಟೆ

ಬೇಡ. ಗಟ್ಟಿ ಅಸ್ಥಿಪಂಜರದ ಹವಳಗಳೆಲ್ಲವೂ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್‌ಗಳೂ ಅಲ್ಲೇ. ಆಕ್ರೊ, ಮಾಂಟಿ, ಟಾರ್ಚ್, ಏಕನ್ ಎಲ್ಲ ಆ ಗಟ್ಟಿ ಹವಳದ ಗುಂಪಿನವೇ. ಅಂಗಡಿಯಲ್ಲಿ ಸಿಕ್ಕಿತು ಎಂಬ ಕಾರಣಕ್ಕೆ ಸಕ್ರಮ ಆಗುವುದಿಲ್ಲ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಡೈವ್ ಮಾಡಿ ಕಣ್ತುಂಬ ನೋಡಬಹುದು, ಒಂದು ಚೂರೂ ಮುರಿದು ತರುವಂತಿಲ್ಲ.

ಜೋವಾ, ಮಶ್ರೂಮ್ ಹವಳ ಈ ಗುಂಪುಗಳಿಗೆ ಸೇರಿದವಲ್ಲ. ಆದರೂ ಎಲ್ಲಿಂದ ಬಂತು ಎಂಬ ಕಾಗದ ಕೇಳದೆ ಕೊಳ್ಳಬೇಡಿ. ಮಶ್ರೂಮ್‌ಗೆ 30–80 ಪಾರ್ ಸಾಕು. ಅಂಚು ಒಳಕ್ಕೆ ಸುರುಳಿಯಾಗಿ ಮುದುಡಿದರೆ ಬೆಳಕು ಹೆಚ್ಚಾಗಿದೆ ಎಂದೇ ತಿಳಿಯಿರಿ. ಜೋವಾ ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಜೋವಾ ಹಿಡಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬಾರದು, ಆ ಹಬೆ ಉಸಿರಿಗೆ ಹೋಗುವಂತಿಲ್ಲ.

ಮರಳುದಂಡೆ

ಒಂಬತ್ತನೇ ದಿನದ ವರದಿ. ಫಾಸ್ಫೇಟ್ 0.04, ನೈಟ್ರೇಟ್ 5, ಆಲ್ಕಲಿನಿಟಿ 8.7. ರ್‍ಯಾಕ್ 140ರ ಗೆರೆಗೆ ಬಂದು ಮೂರು ದಿನ. ಹಸಿರು ಆಕ್ರೊ ರಾತ್ರಿ ಪಾಲಿಪ್ (ಹವಳದ ಪುಟ್ಟ ಬಾಯಿ-ಕೈಗಳು) ಚಾಚ್ತಿದೆ. ನೀಲಿ ಆಕ್ರೊ ಮಾತ್ರ ಸ್ವಲ್ಪ ಪೇಲವ ಆದಂತಿದೆ. ಫೋಟೋ ಹಾಕಿದೀನಿ. ಮೇಲ್ಮೈ ತಿಳಿಯಾಗಿದೆ, ಕವಲಿನ ಅಡಿಭಾಗದಲ್ಲಿ ಮೊದಲಿನ ಬಣ್ಣವೇ ಇದೆ. ಜೋವಾಗಳು ಕತ್ತು ಉದ್ದ ಮಾಡಿ ನಿಂತಿವೆ. ಟಾರ್ಚ್ ಮೂರನೇ ದಿನಕ್ಕೇ ತುಂಬ ಅರಳಿತು.

ಪಾರ್‌ಪುರಾಣ

ಫೋಟೋದಲ್ಲಿ ಬಿಳಿ ಅಲ್ಲ, ತಿಳಿ. ಲೈಟ್ ಬೀಳುವ ಮಗ್ಗುಲು ಮಾತ್ರ ಪೇಲವವಾಗಿ, ನೆರಳಿನ ಮಗ್ಗುಲು ಬಣ್ಣ ಉಳಿಸಿಕೊಂಡಿದ್ದರೆ ಅದು ಬೆಳಕಿನದ್ದೇ ಕೆಲಸ. ಮೇಲೆ ಕೆಳಗೆ ಎಲ್ಲ ಒಂದೇ ಸಮ ಪೇಲವವಾಗಿದ್ದರೆ ಪೋಷಕಾಂಶ ಅಥವಾ ಶಾಖದ ಕಡೆ ನೋಡಬೇಕು. ಬುಡದಿಂದ ಮಾಂಸ ಸುಲಿಯುತ್ತಾ ಮೇಲೆ ಬರ್ತಿದ್ದರೆ ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ ಅಂತಲೇ ಲೆಕ್ಕ. ಆಲ್ಕಲಿನಿಟಿ ಏರುಪೇರು, ಕೀಟ, ಸಾಗಣೆಯ ಪೆಟ್ಟು ಹುಡುಕಿ. ಬಿಳುಚಿದ ಹವಳದ ಮೇಲೆ ಭೂತಗನ್ನಡಿ ಹಿಡಿದರೆ ಗಾಜಿನಂಥ ಮಾಂಸ, ಪಾಲಿಪ್ ಕಾಣುತ್ತೆ. ಸತ್ತದ್ದರಲ್ಲಿ ಬರೀ ಎಲುಬು, ನಾಲ್ಕು ದಿನಕ್ಕೆ ಅದರ ಮೇಲೆ ಹಸಿರು ಪಾಚಿ.

ನೀಲಿ ಆಕ್ರೊ ಒಂದನ್ನೇ 110ರ ಗೆರೆಗೆ ಇಳಿಸಿ, ಎಂಟು ದಿನ ಮುಟ್ಟಬೇಡಿ. ಹಸಿರಿನದ್ದು ತನ್ನ ಪಾಡಿಗೆ ಮೇಲೆ ಹೋಗಲಿ. ಜೋವಾ ಕತ್ತು ಚಾಚಿದ್ದು ಬೆಳಕು ಸಾಲದೆ, 100ಕ್ಕೆ ಎತ್ತಿಡಿ.

ಹುಬ್ಬಳ್ಳಿಹವಳ

ಒಂದ ಮಾತ ಕೂಡಿಸ್ತೀನಿ. ಪೇಲವ ಆತಂತ ದಿನಾ ಜಾಗಾ ಬದಲಿ ಮಾಡಬ್ಯಾಡ್ರಿ. ಇಳಿಸೂದು ಒಂದ ಸಲ, ಅಷ್ಟ.

ಯಾವದಾದ್ರೂ ಪೂರಾ ಬಿಳೀ ಆದ್ರೂ ಕಸದ ಬುಟ್ಟಿಗೆ ಹಾಕಬ್ಯಾಡ್ರಿ. 50–80 ಪಾರ್‌ನಾಗ ಇಡ್ರಿ, ಶಾಖ 25ಕ್ಕ ತರ್ರಿ. ಪಾಚಿ ಇಲ್ಲಂದ್ರ ಅದಕ್ಕ ದುಡಿಯೋರು ಇಲ್ಲ, ನೀವ ಉಣಸಬೇಕು. ವಾರಕ್ಕ ಎರಡು ಸಲ, ಲೈಟ್ ಆರಿ ಒಂದು ತಾಸಾದ ಮ್ಯಾಲ, ಪಾಲಿಪ್ ಹೊರಗ ಬಂದಾಗ. ಆಕ್ರೊಕ್ಕ ಸಣ್ಣ ಪುಡಿ ಆಹಾರ ಚಿಟಿಕಿ, ಟಾರ್ಚ್‌ಗೆ, ಏಕನ್‌ಗೆ ಮೈಸಿಸ್ ಸೀಗಡಿ ಒಂದೆರಡು. ಪಂಪ್ ಹದಿನೈದು ನಿಮಿಷ ನಿಲ್ಲಿಸ್ರಿ, ಮತ್ತ ಚಾಲೂ ಮಾಡೂದು ಮರೀಬ್ಯಾಡ್ರಿ. ಬಣ್ಣ ಮೊದ್ಲು ಬುಡದಾಗ, ನೆರಳಿನ ಮಗ್ಗಲಾಗ ಬರತೈತಿ. ನಾಲ್ಕರಿಂದ ಎಂಟು ವಾರ ಹಿಡೀತೈತಿ.

ಕಡಲಕರೆ

ಕೆಲವು ಕಡೆ ಸಮುದ್ರದಲ್ಲೇ ಬೆಳೆಸಿದ ಆಕ್ರೊ ಸಿಗ್ತದೆ, ಇಂಡೋನೇಷ್ಯಾದ್ದು. 2018ರಲ್ಲಿ ನಿಂತ ಅಲ್ಲಿನ ರಫ್ತು 2020ರಲ್ಲಿ ಮತ್ತೆ ಶುರುವಾಯ್ತು. ಅವು ಬಿಸಿಲಿನಲ್ಲೇ ಬೆಳೆದದ್ದಲ್ವಾ, ನಡು ಮಧ್ಯಾಹ್ನ ಸಮುದ್ರದ ಮೇಲ್ಮೈಗೆ 2000 ಪಾರ್ ಬೀಳ್ತದೆ. ಅಂಥದ್ದನ್ನು ನೇರ 400ಕ್ಕೆ ಇಡಬಹುದಾ?

ಪಾರ್‌ಪುರಾಣ

ಇಡಬಾರದು. ಅದು ರೈತರಿಂದ ಸಗಟು ವ್ಯಾಪಾರಿ, ಅಲ್ಲಿಂದ ವಿಮಾನ, ಅಲ್ಲಿಂದ ಅಂಗಡಿಯ ಮಂದ ಬೆಳಕು ಅಂತ ವಾರಗಟ್ಟಲೆ ಅಲೆದಿರುತ್ತೆ. ಅಷ್ಟರಲ್ಲಿ ಕಂದು ತಿರುಗಿರುತ್ತೆ. ಹುಟ್ಟೂರಿನ ಬಿಸಿಲು ಲೆಕ್ಕಕ್ಕಿಲ್ಲ, ಕಳೆದ ಎರಡು ಮೂರು ವಾರ ಎಲ್ಲಿತ್ತು ಅನ್ನೋದೇ ಲೆಕ್ಕ. ಅಂಗಡಿಯ ತೊಟ್ಟಿಯಲ್ಲಿ 80 ಇದ್ದರೆ ಅದು 80ರ ಹವಳ. ಅದೇ ರೀತಿ ಪಕ್ಕದ ಬೀದಿಯ ಗೆಳೆಯರ ಟ್ಯಾಂಕಿನಿಂದ, 250ರ ಜಾಗದಿಂದ ಅರ್ಧ ಗಂಟೆಯಲ್ಲಿ ತಂದ ಫ್ರ್ಯಾಗ್ ಆದರೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. 180ರಲ್ಲಿ ನಾಲ್ಕು ದಿನ ಇಟ್ಟು 250ಕ್ಕೆ ಏರಿಸಬಹುದು.

ಮರಳುದಂಡೆ

ಇಪ್ಪತ್ತೇಳನೇ ದಿನ. ಹಸಿರು ಆಕ್ರೊ 275ರ ಗೆರೆಯಲ್ಲಿದೆ, ಬುಡ ಪ್ಲಗ್ (ಫ್ರ್ಯಾಗ್ ಅಂಟಿಸಿರುವ ಬಿಲ್ಲೆ) ಮೇಲೆ ಹರಡ್ತಿದೆ. ನೀಲಿಯದ್ದು 175ರಲ್ಲಿ, ಮೇಲ್ಮೈ ಬಣ್ಣ ವಾಪಸ್ ಬರ್ತಿದೆ. ಮಾಂಟಿ ಅಂಚಿಗೆ ಬಿಳಿ ಗೆರೆ ಬಂದಿದೆ, ಅದು ಸುಟ್ಟದ್ದಾ?

ನೀಲಿಗಂಟೆ

ಗೆರೆ ತೆಳುವಾಗಿ, ಅಂಚಿನುದ್ದಕ್ಕೂ ಒಂದೇ ಸಮ, ಮುಟ್ಟಿದರೆ ನುಣುಪಾಗಿದ್ದರೆ ಅದು ಹೊಸ ಬೆಳವಣಿಗೆ. ಅಲ್ಲಿಗೆ ಪಾಚಿ ಇನ್ನೂ ಹರಡಿಲ್ಲ, ಅಷ್ಟೇ. ಸುಟ್ಟದ್ದಾದರೆ ತೇಪೆತೇಪೆಯಾಗಿ ಇರುತ್ತದೆ, ಅದರ ಮೇಲೆ ಕೂದಲಿನಂಥ ಪಾಚಿ ಬೇಗ ಹತ್ತುತ್ತದೆ.

ಮರಳುದಂಡೆ

ನುಣುಪಾಗಿದೆ. ಬಚಾವ್. ಹಸಿರು ಆಕ್ರೊವನ್ನು ರ್‍ಯಾಕ್‌ನಿಂದ ಬಂಡೆಗೆ ಅಂಟಿಸಬಹುದಾ?

ಪಾರ್‌ಪುರಾಣ

ಅಂಟಿಸಿ. ಬಂಡೆಯಲ್ಲಿ 275 ಇರುವ ಜಾಗವೇ ಆಗಲಿ, 410ರ ಆಸೆ ಬಿಡಿ. ಪ್ಲಗ್‌ನ ಅಡಿಗೆ ಸೈಯನೋಅಕ್ರಿಲೇಟ್ ಜೆಲ್ ಕಡಲೆಕಾಳಿನಷ್ಟು, ಅದರ ಮೇಲೆ ಎಪಾಕ್ಸಿ ನೆಲ್ಲಿಕಾಯಿ ಗಾತ್ರ, ಮತ್ತೆ ಜೆಲ್ ಕಡಲೆಕಾಳಿನಷ್ಟು. ತಿರುಚಿ ಒತ್ತಿ ಮೂವತ್ತು ಸೆಕೆಂಡ್ ಹಿಡಿಯಿರಿ. ಎಪಾಕ್ಸಿ ಹಾಕಿದ ದಿನ ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ತೆಗೆಯುವ ಯಂತ್ರ) ಉಕ್ಕಬಹುದು, ಕಪ್ ಸ್ವಲ್ಪ ಮೇಲೆತ್ತಿ.

ಅಂಟಿಸುವ ಮೊದಲು ಪ್ಲಗ್‌ನ ಒಂದು ಬದಿಗೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ರ್‍ಯಾಕ್‌ನಲ್ಲಿ ಯಾವ ಮಗ್ಗುಲು ಲೈಟಿನ ಕಡೆಗಿತ್ತೋ ಬಂಡೆಯ ಮೇಲೂ ಅದೇ ಇರಲಿ. ತಿರುಗಿಸಿ ಅಂಟಿಸಿದರೆ ಇಷ್ಟು ದಿನ ನೆರಳಲ್ಲಿದ್ದ ಮಗ್ಗುಲು 275ರ ಮುಂದೆ ಹೊಸದಾಗಿ ನಿಂತ ಹಾಗಾಗುತ್ತೆ.